ಫ್ಯಾಕ್ಸ್ ಮಾಡಿ ಅಂದ್ರು, ಸಂಜೆ ಐದರೊಳಗೆ

ಈ ಅಂಕಣ ಓದೋರಲ್ಲಿ ಎಷ್ಟು ಜನ ಫ್ಯಾಕ್ಸ್ ಕಳಿಸಿದ್ದೀರೋ ಗೊತ್ತಿಲ್ಲ. ವಿಸಿಟಿಂಗ್ ಕಾರ್ಡಿನಲ್ಲಿ ಫೋನ್ ನಂಬರಿನ ಕೆಳಗೆ ಇನ್ನೊಂದು ನಂಬರ್ ಇರ್ತಿತ್ತಲ್ಲ, ಅಪ್ಪಿತಪ್ಪಿ ಅದಕ್ಕೆ ಫೋನ್ ಮಾಡಿದ್ರೆ ಕಿವಿಗೆ ಕಿರ್ರ್ ಅಂತ ಬಡೀತಿತ್ತಲ್ಲ, ಅಷ್ಟೇ ನೆನಪು ಬಹಳ ಜನಕ್ಕೆ. ಅದು ಸತ್ತು ಹೋಯ್ತು ಅಂತಲೇ ಎಲ್ಲರ ಲೆಕ್ಕ.

ಸತ್ತಿಲ್ಲ. ಅಮೆರಿಕದ ಆಸ್ಪತ್ರೆ, ಕ್ಲಿನಿಕ್ಕು, ಔಷಧಿ ಅಂಗಡಿಗಳು ಇವತ್ತಿಗೂ ರೋಗಿಗಳ ಕಾಗದಪತ್ರವನ್ನ ಫ್ಯಾಕ್ಸಿನಲ್ಲಿ ಕಳಿಸಿಕೊಳ್ತಾವೆ. ಅಲ್ಲಿನ ತೆರಿಗೆ ಇಲಾಖೆ ಕೂಡ ಕೆಲವು ಅರ್ಜಿಗಳನ್ನ ಫ್ಯಾಕ್ಸ್ ಮೂಲಕ ತಗೊಳ್ಳುತ್ತೆ. ಬೆಂಗಳೂರಿನಲ್ಲಿ ಕೂತು ಅಮೆರಿಕದಲ್ಲಿ ಕಂಪನಿ ನೋಂದಾಯಿಸಿದ ಸ್ಟಾರ್ಟಪ್ ಹುಡುಗರಿಗೆ ಇದು ಚೆನ್ನಾಗಿ ಗೊತ್ತು. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಗೆ 'ಇನ್ಮೇಲೆ ಹೊಸ ಫ್ಯಾಕ್ಸ್ ಮಶೀನು ಕೊಳ್ಳಬೇಡಿ' ಅಂತ ಆದೇಶ ಜಾರಿಯಾಗಿದ್ದು 2019ರ ಜನವರಿಯಲ್ಲಿ! ನಮ್ಮ ದೇಶದ್ದೇ ಬೇಕು ಅಂದ್ರೆ 2018ರ ನವೆಂಬರ್ ನೆನಪು ಮಾಡ್ಕೊಳ್ಳಿ. ಜಮ್ಮು ಕಾಶ್ಮೀರದಲ್ಲಿ ಸರ್ಕಾರ ರಚಿಸ್ತೀನಿ ಅಂತ ಮೆಹಬೂಬಾ ಮುಫ್ತಿ ಕಳಿಸಿದ ಪತ್ರ ರಾಜಭವನದ ಫ್ಯಾಕ್ಸಿಗೆ ಹೋಗಲೇ ಇಲ್ಲ. ಅವತ್ತು ಹಬ್ಬದ ರಜೆ, ಆಫೀಸಲ್ಲಿ ಯಾರೂ ಇರಲಿಲ್ಲ ಅಂತ ಆಮೇಲೆ ರಾಜ್ಯಪಾಲ ಸತ್ಯಪಾಲ್ ಮಲಿಕ್ ಹೇಳಿದ್ರು. ಅಷ್ಟರಲ್ಲಿ ವಿಧಾನಸಭೆಯೇ ವಿಸರ್ಜನೆ ಆಗಿತ್ತು.

ಇವತ್ತಿನ ಕಥೆ ಅಷ್ಟು ದೊಡ್ಡದಲ್ಲ. ನಮ್ಮ ಸಹಕಾರನಗರದ್ದು, ನಮ್ಮ ರಸ್ತೆಯದ್ದೇ. ಆದ್ರೆ ಆ ಮನೆಯವರಿಗೆ ವಿಧಾನಸಭೆಗಿಂತ ದೊಡ್ಡದು.

ಎದುರುಮನೆ ಅಂಕಲ್ ಬ್ಯಾಂಕಿನಲ್ಲಿದ್ದು ರಿಟೈರ್ ಆದವರು. ಒಬ್ಬಳೇ ಮಗಳು, ಅಮೆರಿಕದ ಒಹಾಯೋದಲ್ಲಿದ್ದಾಳೆ. ಜೂನ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಎಂಟೂವರೆಗೆ ಅಂಕಲ್ಲು ನಮ್ಮ ಗೇಟಿನ ಹತ್ರ ನಿಂತಿದ್ರು, ಕೈಯಲ್ಲಿ ಒಂದು ಹಳೇ ಪ್ಲಾಸ್ಟಿಕ್ ಫೈಲು. ಮಗಳಿಗೆ ಪಿತ್ತಕೋಶದಲ್ಲಿ ಕಲ್ಲು, ತಡೆಯಲಾರದ ನೋವು, ರಾತ್ರಿ ಅಡ್ಮಿಟ್ ಮಾಡ್ಕೊಂಡಿದ್ದಾರೆ. ಅಲ್ಲಿನ ಬೆಳಿಗ್ಗೆ ಏಳೂವರೆಗೆ ಆಪರೇಷನ್. ಅಂದ್ರೆ ನಮಗೆ ಸಂಜೆ ಐದು.

ತೊಂದರೆ ಏನು ಅಂದ್ರೆ, 2004ರಲ್ಲಿ ಈ ಹುಡುಗಿಗೆ ಹನ್ನೊಂದು ವರ್ಷ ಇದ್ದಾಗ ಇಲ್ಲಿ ಟಾನ್ಸಿಲ್ ಆಪರೇಷನ್ ಆಗಿತ್ತು. ಅವತ್ತು ಮತ್ತು ಕೊಟ್ಟ ಮೇಲೆ ಉಸಿರಿನ ಕೊಳವೆ ಹಾಕೋಕೆ ಡಾಕ್ಟರಿಗೆ ತುಂಬಾ ಕಷ್ಟ ಆಯ್ತು. ಎಷ್ಟು ಸಲ ಪ್ರಯತ್ನಿಸಿದ್ರು, ಕೊನೆಗೆ ಯಾವ ಅಳತೆಯ ಕೊಳವೆಯನ್ನ ಹೇಗೆ ಹಾಕಿದ್ರು ಅಂತ ಆ ಅರಿವಳಿಕೆ ಡಾಕ್ಟರು ಕೈಯಲ್ಲಿ ಮೂರು ಪುಟ ಬರೆದಿಟ್ಟಿದ್ರು. 'ಮುಂದೆ ಎಲ್ಲಿ ಆಪರೇಷನ್ ಆದ್ರೂ ಇದನ್ನ ತೋರಿಸಿ' ಅಂತಲೂ ಹೇಳಿದ್ರಂತೆ. ಅಂಕಲ್ಲು ಇಷ್ಟು ವರ್ಷ ಅದನ್ನ ಬೀರುವಿನಲ್ಲಿ ಸೈಟಿನ ಪತ್ರದ ಜೊತೆ ಇಟ್ಟಿದ್ರು.

ವಾಟ್ಸಾಪಲ್ಲಿ ಫೋಟೋ ಆಗಲೇ ಹೋಗಿತ್ತು. ಆದ್ರೆ ರೋಗಿಯ ಮೊಬೈಲಲ್ಲಿರೋ ಫೋಟೋ ನಮ್ಮ ಫೈಲಿಗೆ ಬರಲ್ಲ, ಈ ನಂಬರಿಗೆ ಫ್ಯಾಕ್ಸ್ ಮಾಡಿಸಿ ಅಂತ ಅಲ್ಲಿನ ನರ್ಸು ಒಂದು ಚೀಟಿ ಕೊಟ್ಟಿದ್ರು. ಆ ಚೀಟಿಯ ಫೋಟೋ ಅಂಕಲ್ ಮೊಬೈಲಿಗೆ ಬಂದಿತ್ತು.

"ಕೊಡಿಗೇಹಳ್ಳಿ ಗೇಟ್ ತನಕ ಹೋಗಿ ಬಂದೆ ಕಣಮ್ಮ. ಜೆರಾಕ್ಸ್ ಅಂಗಡಿ ಹುಡುಗ, ಫ್ಯಾಕ್ಸ್ ಅಂದ್ರೆ ಸ್ಕ್ಯಾನಾ ಅಂಕಲ್ ಅಂತ ಕೇಳಿದ" ಅಂದ್ರು.

ಇಂಟರ್ನೆಟ್ಟಿನಲ್ಲಿ ದುಡ್ಡು ಕೊಟ್ರೆ ಫ್ಯಾಕ್ಸ್ ಕಳಿಸೋ ಸೇವೆಗಳಿವೆ. ನಿಮಗೆ ಜೀವನದಲ್ಲಿ ಒಂದೇ ಸಲ ಫ್ಯಾಕ್ಸ್ ಕಳಿಸೋದಿದ್ರೆ ಅದನ್ನೇ ಬಳಸಿ, ಮುಂದೆ ಓದೋ ಕಷ್ಟವೂ ಇಲ್ಲ. ನಾನು ಅದನ್ನೇ ಹೇಳಿದೆ. ಅಂಕಲ್ ಒಪ್ಪಲಿಲ್ಲ. "ಮಗಳ ಆಸ್ಪತ್ರೆ ಕಾಗದ, ಯಾರೋ ಏನೋ ಗೊತ್ತಿಲ್ಲದವರಿಗೆ ಯಾಕೆ ಕೊಡೋದು? ನನ್ನ ಕಂಪ್ಯೂಟರಲ್ಲೇ ಫ್ಯಾಕ್ಸ್ ಇದೆ. ನಾಲ್ಕು ವರ್ಷದ ಹಿಂದೆ ತನಕ ನಮ್ಮ ಸಂಘದ ಪತ್ರ ಎಲ್ಲಾ ಅದರಲ್ಲೇ ಕಳಿಸ್ತಿದ್ದೆ. ಈಗ ಹೋಗ್ತಿಲ್ಲ, ಅಷ್ಟೇ." ಕೊನೆಗೆ ಒಂದು ಒಪ್ಪಂದ ಆಯ್ತು. ಮಧ್ಯಾಹ್ನ ಮೂರೂವರೆ ತನಕ ಅವರ ಕಂಪ್ಯೂಟರು. ಆಗಲಿಲ್ಲ ಅಂದ್ರೆ ನನ್ನ ಕಾರ್ಡು, ಆನ್‌ಲೈನ್ ಸೇವೆ, ಮಾತಿಲ್ಲ. ಆಫೀಸಿಗೆ ಮೆಸೇಜ್ ಹಾಕಿ ಅವರ ಮನೆಗೆ ಹೋದೆ.

ಮಗಳೇ ಹಾಕಿಕೊಟ್ಟಿದ್ದ ಲಿನಕ್ಸ್ ಮಿಂಟ್. ಅದರಲ್ಲಿ ಇಫ್ಯಾಕ್ಸ್-ಜಿಟಿಕೆ ಅನ್ನೋ ತಂತ್ರಾಂಶ. ಎಸ್.ಪಿ. ರೋಡಿನಲ್ಲಿ ತಂದಿದ್ದ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಯುಎಸ್‌ಬಿ ಮೋಡೆಮ್ಮು. ಒಂದು ಕಡೆ ಕಂಪ್ಯೂಟರಿಗೆ, ಇನ್ನೊಂದು ಕಡೆ ಫೋನಿನ ವೈರು.

(ಕಮಾಂಡುಗಳನ್ನ ಇಲ್ಲಿ ಕನ್ನಡದಲ್ಲೇ ಬರೀತೀನಿ. ಟರ್ಮಿನಲ್‌ನಲ್ಲಿ ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ ಬಳಸಿ. ಮೋಡೆಮ್ಮಿಗೆ ಕೊಡೋ 'ಎಟಿ' ಆಜ್ಞೆಗಳು ಮಾತ್ರ ದೊಡ್ಡಕ್ಷರ.)

ಮೊದಲ ಪ್ರಶ್ನೆ: ಕಂಪ್ಯೂಟರಿಗೆ ಮೋಡೆಮ್ ಕಾಣ್ತಿದೆಯಾ? ಸಿಕ್ಕಿಸಿದ ತಕ್ಷಣ 'ಡಿಮೆಸೇಜ್' ಕಮಾಂಡ್ ಕೊಟ್ಟು (ಬರೆಯೋದು ಡಿ-ಎಂ-ಇ-ಎಸ್-ಜಿ ಅಂತ) ಕೊನೆಯ ಸಾಲುಗಳನ್ನ ನೋಡಿ. ಅಲ್ಲಿ 'ಟಿಟಿವೈ ಎಸಿಎಂ 0' ಅನ್ನೋ ಹೆಸರು ಬಂದ್ರೆ ಅರ್ಧ ಗೆದ್ದ ಹಾಗೆ. ಹಳೇ ಸೀರಿಯಲ್ ಮೋಡೆಮ್ಮನ್ನ ಯುಎಸ್‌ಬಿ ಅಡಾಪ್ಟರ್ ಮೂಲಕ ಹಾಕಿದ್ರೆ 'ಟಿಟಿವೈ ಯುಎಸ್‌ಬಿ 0' ಅಂತ ಬರುತ್ತೆ. ಏನೂ ಬರಲಿಲ್ಲ ಅಂದ್ರೆ ಅದು ಅರ್ಧ ಕೆಲಸವನ್ನ ವಿಂಡೋಸ್ ಡ್ರೈವರಿನ ಮೇಲೆ ಹಾಕೋ ಜಾತಿಯ ಮೋಡೆಮ್ ಇರಬಹುದು. ಹಳೇ ಲ್ಯಾಪ್‌ಟಾಪುಗಳ ಒಳಗಿದ್ದದ್ದು ಬಹುಪಾಲು ಇಂಥವೇ. ಅದರ ಜೊತೆ ಗುದ್ದಾಡಬೇಡಿ, ಬೇರೆ ತಗೊಳ್ಳಿ.

ಅಂಕಲ್ ಮೋಡೆಮ್ ಕಾಣ್ತಿತ್ತು. ಆದ್ರೆ ಇಫ್ಯಾಕ್ಸ್-ಜಿಟಿಕೆ ಸೆಟ್ಟಿಂಗಿನಲ್ಲಿ ಸೀರಿಯಲ್ ಡಿವೈಸ್ ಅನ್ನೋ ಜಾಗದಲ್ಲಿ 'ಟಿಟಿವೈ ಎಸ್ 0' ಇತ್ತು. ಅದು ಕಂಪ್ಯೂಟರಿನ ಹಿಂದೆ ಹಳೇ ಕಾಲದಲ್ಲಿರ್ತಿದ್ದ ಒಂಬತ್ತು ಪಿನ್ನಿನ ಪೋರ್ಟು. ಎರಡು ವರ್ಷದ ಹಿಂದೆ ಮಗಳು ರಜೆಗೆ ಬಂದಾಗ ಮಿಂಟನ್ನ ಹೊಸದಾಗಿ ಹಾಕಿದ್ಲು. ಎಲ್ಲಾ ಸೆಟ್ಟಿಂಗು ಮೊದಲಿನಂತಾಗಿತ್ತು. ಹೆಸರು ಬದಲಾಯಿಸಿದೆ.

ಈಗ ಬೇರೆ ಎರರ್: ಅನುಮತಿ ಇಲ್ಲ. ಇದೂ ಹೊಸ ಇನ್‌ಸ್ಟಾಲಿನದೇ ಫಲ. ಡೆಬಿಯನ್, ಉಬುಂಟು, ಮಿಂಟ್ ಈ ಮನೆತನದಲ್ಲಿ ಮೋಡೆಮ್ ಮುಟ್ಟಬೇಕಾದ್ರೆ ನಿಮ್ಮ ಬಳಕೆದಾರ ಹೆಸರು 'ಡಯಲ್‌ಔಟ್' ಅನ್ನೋ ಗುಂಪಿನಲ್ಲಿರಬೇಕು. 'ಸುಡೊ ಯೂಸರ್‌ಮಾಡ್ ಮೈನಸ್ ಎಜಿ ಡಯಲ್‌ಔಟ್', ಆಮೇಲೆ ನಿಮ್ಮ ಹೆಸರು. ಆ ಎಜಿಯಲ್ಲಿ 'ಎ' ಸಣ್ಣದು, 'ಜಿ' ದೊಡ್ಡದು. 'ಎ' ಬಿಟ್ರೆ ಬೇರೆ ಗುಂಪುಗಳಿಂದ ಹೊರಗೆ ಬೀಳ್ತೀರಿ, ಹುಷಾರು. ಕಮಾಂಡ್ ಕೊಟ್ಟ ಮೇಲೆ ಲಾಗ್‌ಔಟ್ ಆಗಿ ಮತ್ತೆ ಒಳಗೆ ಬರಬೇಕು, ಇಲ್ಲಾಂದ್ರೆ ಬದಲಾವಣೆ ಹಿಡಿಯಲ್ಲ. ಸಾಫ್ಟ್‌ವೇರನ್ನೇ ರೂಟ್ ಆಗಿ ಓಡಿಸಿದ್ರೆ ಆಯ್ತಲ್ಲ ಅಂತ ಬಹಳ ಜನ ಹೇಳ್ತಾರೆ. ಕೆಲಸ ಆಗುತ್ತೆ, ಆದ್ರೆ ಮನೆ ಬೀಗ ಒಡೆದು ಒಳಗೆ ಹೋದ ಹಾಗೆ.

ಮೂರನೇ ಎರರ್: ಡಿವೈಸ್ ಬಿಜಿ. ಇದು ಬಹಳ ಜನರನ್ನ ಸುಸ್ತು ಮಾಡೋದು. 'ಮೋಡೆಮ್‌ಮ್ಯಾನೇಜರ್' ಅನ್ನೋ ಸೇವೆ ಹಿನ್ನೆಲೆಯಲ್ಲಿ ಓಡ್ತಾ ಇರುತ್ತೆ. ಅದು ಹುಟ್ಟಿದ್ದು ಸಿಮ್ ಹಾಕೋ ಇಂಟರ್ನೆಟ್ ಡಾಂಗಲ್‌ಗಳಿಗೆ. ಎಸಿಎಂ ಹೆಸರಿನ ಯಾವುದನ್ನೇ ಸಿಕ್ಕಿಸಿ, ಇದು ಡಾಂಗಲ್ಲೇ ಇರಬೇಕು ಅಂತ ಓಡಿಬಂದು ಮಾತಾಡಿಸುತ್ತೆ. ನಮ್ಮ ಫ್ಯಾಕ್ಸ್ ತಂತ್ರಾಂಶ ಬಾಗಿಲು ತಟ್ಟಿದಾಗ ಒಳಗೆ ಈ ಮಹಾಶಯ ಕೂತಿರ್ತಾನೆ. 'ಸುಡೊ ಸಿಸ್ಟಂಸಿಟಿಎಲ್ ಸ್ಟಾಪ್ ಮೋಡೆಮ್‌ಮ್ಯಾನೇಜರ್' ಅಂತ ಕೊಟ್ಟು ನಿಲ್ಲಿಸಿದೆ. ಈ ಹೆಸರಿನಲ್ಲಿ ಎರಡೂ 'ಎಂ' ದೊಡ್ಡಕ್ಷರ. ಮನೆಯಲ್ಲಿ ಡಾಂಗಲ್ ಬಳಸದಿದ್ರೆ 'ಸ್ಟಾಪ್' ಬದಲು 'ಡಿಸೇಬಲ್' ಕೊಟ್ಟು ಖಾಯಂ ಆಗಿ ಮಲಗಿಸಬಹುದು.

ಆಗ ಹತ್ತೂಕಾಲು. ಆಂಟಿ ಉಪ್ಪಿಟ್ಟು ತಂದಿಟ್ರು. ಯಾರೂ ಮುಟ್ಟಲಿಲ್ಲ.

ಮೊದಲ ಸಲ ಡಯಲ್ ಮಾಡಿಸಿದ್ರೆ 'ನೋ ಡಯಲ್‌ಟೋನ್'. ಅಂಕಲ್ ಫೋನೆತ್ತಿ ಕೇಳಿದ್ರು, ಟೋನ್ ಚೆನ್ನಾಗೇ ಇದೆ. ಇಲ್ಲೊಂದು ವಿಷಯ ಇದೆ. ನಮ್ಮ ದೇಶದ ಡಯಲ್ ಟೋನು 400 ಹರ್ಟ್ಸಿನ ದನಿ, 25 ಹರ್ಟ್ಸಿನಲ್ಲಿ ಸಣ್ಣಗೆ ಅಲುಗಾಡುತ್ತೆ. ಅಮೆರಿಕದ್ದು 350 ಮತ್ತು 440 ಹರ್ಟ್ಸ್ ಎರಡೂ ಸೇರಿದ್ದು. ಅಮೆರಿಕದ ಮಾರುಕಟ್ಟೆಗೆ ತಯಾರಾದ ಮೋಡೆಮ್ಮಿಗೆ ನಮ್ಮ ಟೋನ್ ಕೇಳಿಸಿದ್ರೂ ಗುರುತು ಸಿಗದೇ ಇರಬಹುದು. ಅದರ ಮೇಲೆ ಅಂಕಲ್ ಮನೆಗೆ ತಾಮ್ರದ ತಂತಿ ಹೋಗಿ ಫೈಬರ್ ಬಂದಿತ್ತು. ಈಗ ಟೋನ್ ಬರೋದು ಎಕ್ಸ್‌ಚೇಂಜಿನಿಂದ ಅಲ್ಲ, ಗೋಡೆಗೆ ಹೊಡೆದಿರೋ ಆ ಪುಟ್ಟ ಬಿಳಿ ಡಬ್ಬಿಯಿಂದ.

ಮದ್ದು ಸುಲಭ: ಮೋಡೆಮ್ಮಿಗೆ 'ಎಟಿ ಎಕ್ಸ್ 3' ಅಂತ ಹೇಳಬೇಕು. 'ಟೋನಿಗೆ ಕಾಯಬೇಡ, ಕಣ್ಣುಮುಚ್ಚಿ ಡಯಲ್ ಮಾಡು, ಎಂಗೇಜ್ ಇದ್ರೆ ಮಾತ್ರ ತಿಳಿಸು' ಅಂತ ಅದರರ್ಥ. ಜೊತೆಗೆ 'ಎಸ್7=120' ಅನ್ನೋದನ್ನೂ ಕೊಟ್ಟೆ. ಆ ಕಡೆ ಫೋನೆತ್ತೋ ತನಕ ಎಷ್ಟು ಸೆಕೆಂಡ್ ಕಾಯಬೇಕು ಅನ್ನೋ ಲೆಕ್ಕ ಅದು. ಐಎಸ್‌ಡಿ ಕರೆ ಸಿಗೋದು ನಿಧಾನ.

ಅಮೆರಿಕಕ್ಕೆ ಕರೆ ಮಾಡೋ ಮೊದಲು ನನ್ನ ಮೊಬೈಲಿಗೇ ಡಯಲ್ ಮಾಡಿಸಿ ನೋಡಿದೆ. ಎತ್ತಿ ಕಿವಿಗಿಟ್ರೆ ಮೂರು ಸೆಕೆಂಡಿಗೊಮ್ಮೆ ಸಣ್ಣ 'ಪೀ' ಅನ್ನೋ ದನಿ. 1100 ಹರ್ಟ್ಸ್, ಅರ್ಧ ಸೆಕೆಂಡು. 'ನಾನು ಫ್ಯಾಕ್ಸು, ಆ ಕಡೆ ಯಾರಾದ್ರೂ ಫ್ಯಾಕ್ಸ್ ಇದ್ದೀರಾ?' ಅಂತ ಕೂಗೋದು ಅದು. ಈ ದನಿ ಬಂತು ಅಂದ್ರೆ ಮೋಡೆಮ್, ಅನುಮತಿ, ಲೈನು, ಡಯಲಿಂಗ್ ಎಲ್ಲಾ ಸರಿ ಇದೆ ಅಂತ ಅರ್ಥ. ಪುಕ್ಕಟೆ ಪರೀಕ್ಷೆ, ನೀವೂ ಮಾಡಿ.

ಉಳಿದ ದನಿಗಳ ಕಥೆಯನ್ನೂ ಹೇಳಿಬಿಡ್ತೀನಿ, ಮುಂದೆ ಬೇಕಾಗುತ್ತೆ. ಆ ಕಡೆಯ ಮಶೀನು 2100 ಹರ್ಟ್ಸಿನಲ್ಲಿ ಉದ್ದಕ್ಕೆ ಕೂಗಿ ಉತ್ತರ ಕೊಡುತ್ತೆ. ಆಮೇಲೆ ಇಬ್ಬರೂ ಸೆಕೆಂಡಿಗೆ ಬರೀ 300 ಬಿಟ್ಟಿನ ಆಮೆ ವೇಗದಲ್ಲಿ ಮಾತುಕತೆ ಶುರು ಮಾಡ್ತಾವೆ. ನಾನು ಇಷ್ಟು ವೇಗ ತಡ್ಕೋತೀನಿ, ನೀನು? ಅಂತ. ಒಪ್ಪಿದ ವೇಗದಲ್ಲಿ ಕಳಿಸೋನು ಒಂದೂವರೆ ಸೆಕೆಂಡು ಬರೀ ಸೊನ್ನೆಗಳನ್ನ ಕಳಿಸ್ತಾನೆ. ಇದಕ್ಕೆ ಟ್ರೇನಿಂಗ್ ಅಂತಾರೆ. ಸೊನ್ನೆಗಳು ಕೆಡದೆ ಮುಟ್ಟಿದ್ರೆ ಆ ಕಡೆಯವನು 'ಸರಿ, ಪುಟ ಕಳಿಸು' ಅಂತಾನೆ. ಕೆಟ್ಟಿದ್ರೆ 'ಆಗಲಿಲ್ಲ, ನಿಧಾನ ಮಾಡು'. ಪುಟ ಮುಗಿದ ಮೇಲೆ ಅವನು 'ಮುಟ್ಟಿತು' ಅಂತ ಒಂದು ಸಂಕೇತ ವಾಪಸ್ ಕಳಿಸ್ತಾನೆ. ಲಾಗಿನಲ್ಲಿ ಅದರ ಹೆಸರು ಎಂಸಿಎಫ್. ಇಮೇಲಿಗೆ ಇಲ್ಲದ ಮರ್ಯಾದೆ ಫ್ಯಾಕ್ಸಿಗೆ ಇಷ್ಟು ದಿನ ಉಳಿದಿದ್ದಕ್ಕೆ ಈ ಮೂರಕ್ಷರವೂ ಒಂದು ಕಾರಣ.

ಅಂಕಲ್ಲಿಗೆ ಇದೆಲ್ಲಾ ಗೊತ್ತಿತ್ತು, ಬೇರೆ ಭಾಷೆಯಲ್ಲಿ. "ಮೊದಲು ಕೂಗ್ತದೆ, ಆಮೇಲೆ ಜಗಳ ಆಡ್ತದೆ, ಆಮೇಲೆ ಸಮಾಧಾನವಾಗಿ ಓದ್ತದೆ" ಅಂದ್ರು. ಬ್ಯಾಂಕಿನ ಬ್ರಾಂಚಿನಲ್ಲಿ ಇಪ್ಪತ್ತು ವರ್ಷ ಕೇಳಿದ ದನಿ. ತೊಂಬತ್ತರ ದಶಕದಲ್ಲಿ ಫ್ಯಾಕ್ಸ್ ಬಂದಾಗ ಅವರಿಗೆ ಖುಷಿ ಕೊಟ್ಟಿದ್ದು ವೇಗ ಅಲ್ಲವಂತೆ, ಕನ್ನಡ. ಅಲ್ಲಿ ತನಕ ಅರ್ಜೆಂಟ್ ಸುದ್ದಿ ಅಂದ್ರೆ ಟೆಲಿಗ್ರಾಂ, ಟೆಲಿಗ್ರಾಂ ಅಂದ್ರೆ ಇಂಗ್ಲಿಷ್ ಅಕ್ಷರ. ಫ್ಯಾಕ್ಸಿನಲ್ಲಿ ಕೈಬರಹದ ಕನ್ನಡ ಒತ್ತು, ದೀರ್ಘ, ಸಹಿ, ಸೀಲಿನ ಸಮೇತ ಹಾಗೇ ಹೋಗ್ತಿತ್ತು. ಜಿಲ್ಲಾ ವರದಿಗಾರರು ಕೈಯಲ್ಲಿ ಬರೆದ ಸುದ್ದಿ ಬೆಂಗಳೂರಿನ ಪತ್ರಿಕೆಗಳಿಗೆ ಬರ್ತಿದ್ದದ್ದೂ ಹೀಗೇ, ಊರಿನ ಎಸ್‌ಟಿಡಿ ಬೂತಿನಿಂದ. ಫ್ಯಾಕ್ಸಿಗೆ ಅಕ್ಷರವೇ ಗೊತ್ತಿಲ್ಲವಲ್ಲ. ಅದಕ್ಕೆ ಎಲ್ಲವೂ ಚಿತ್ರ. 1843ರಲ್ಲಿ, ಅಂದ್ರೆ ಟೆಲಿಫೋನಿಗಿಂತ ಮೂವತ್ತಮೂರು ವರ್ಷ ಮೊದಲೇ, ಅಲೆಕ್ಸಾಂಡರ್ ಬೇನ್ ಅನ್ನೋ ಸ್ಕಾಟ್ಲೆಂಡಿನವನು ಪೇಟೆಂಟ್ ಪಡೆದಾಗಲೂ ತತ್ವ ಅದೇ: ಹಾಳೆಯ ಮೇಲೆ ಗೆರೆ ಗೆರೆಯಾಗಿ ಓಡು, ಕಪ್ಪೋ ಬಿಳಿಯೋ ಹೇಳು.

ಈಗ ನಿಜವಾದ ಕರೆ. ಆ ಕಡೆ ಎತ್ತಿತು, ಕೂಗಿತು, ಜಗಳ ಶುರುವಾಯ್ತು, ಸಮಾಧಾನ ಆಗಲೇ ಇಲ್ಲ. ಲಾಗಿನಲ್ಲಿ ಟ್ರೇನಿಂಗ್ ವಿಫಲ. ಮೂರು ಸಲ ಹಾಗೇ ಆಯ್ತು. "ತಾಮ್ರ ಇದ್ದಾಗ ಒಂದೇ ಸಲಕ್ಕೆ ಹೋಗ್ತಿತ್ತು" ಅಂತ ಅಂಕಲ್ ಗೊಣಗಿದ್ರು. ಅದು ಗೊಣಗಾಟ ಅಲ್ಲ, ರೋಗದ ಹೆಸರೇ ಅದು.

ತಾಮ್ರದ ತಂತಿಯಲ್ಲಿ ದನಿ ದನಿಯಾಗೇ ಎಕ್ಸ್‌ಚೇಂಜ್ ಮುಟ್ಟುತ್ತೆ. ಫೈಬರಿನಲ್ಲಿ ಆ ಬಿಳಿ ಡಬ್ಬಿ ದನಿಯನ್ನ ಸಣ್ಣ ಸಣ್ಣ ಡೇಟಾ ಪೊಟ್ಟಣ ಮಾಡಿ ಕಳಿಸುತ್ತೆ. ಮನುಷ್ಯರ ಮಾತಿನಲ್ಲಿ ಒಂದೆರಡು ಪೊಟ್ಟಣ ತಡವಾದ್ರೆ ನಮಗೆ ಗೊತ್ತೇ ಆಗಲ್ಲ. ಫ್ಯಾಕ್ಸಿಗೆ ಅದು ಹಾಳೆಯಲ್ಲಿ ತೂತು. ದನಿಯನ್ನ ಹಿಂಡದೆ ಕಳಿಸೋ ಜಿ.711 ವಿಧಾನ ಇದ್ರೆ ಫ್ಯಾಕ್ಸ್ ಹೇಗೋ ಬದುಕುತ್ತೆ. ಜಾಗ ಉಳಿಸೋಕೆ ಜಿ.729ರಲ್ಲಿ ಹಿಂಡಿದ್ರೆ ಮುಗೀತು, ಯಾಕಂದ್ರೆ ಅದು ಮನುಷ್ಯರ ಗಂಟಲಿಗೆ ಹೊಲಿದ ಅಂಗಿ, ಮೋಡೆಮ್ಮಿಗೆ ಹಿಡಿಸಲ್ಲ. ಇದಕ್ಕೇ ಅಂತ ಟಿ.38 ಅನ್ನೋ ಬೇರೆ ದಾರಿ ಇದೆ, ಆದ್ರೆ ಕರೆ ಹಾದುಹೋಗೋ ಎಲ್ಲರೂ ಅದನ್ನ ಒಪ್ಪಿರಬೇಕು. ಫೋನ್ ಕಂಪನಿಯ ಸಹಾಯವಾಣಿಗೆ ಅಂಕಲ್ ಕರೆ ಮಾಡಿದ್ರು. ಇಪ್ಪತ್ತು ನಿಮಿಷ ಹಾಡು ಕೇಳಿಸಿ, ಡಬ್ಬಿ ಆಫ್ ಮಾಡಿ ಆನ್ ಮಾಡಿ ಸರ್ ಅಂದ್ರು.

ನಮ್ಮ ಕೈಯಲ್ಲಿದ್ದದ್ದು ಒಂದೇ: ನಿಧಾನ ಮಾಡೋದು. ಇಲ್ಲಿಂದ ನಾನು ಇಫ್ಯಾಕ್ಸ್-ಜಿಟಿಕೆ ಕಿಟಕಿ ಮುಚ್ಚಿ, ಅದರ ಕೆಳಗೆ ಕೆಲಸ ಮಾಡೋ 'ಇಫ್ಯಾಕ್ಸ್' ಕಮಾಂಡನ್ನೇ ಟರ್ಮಿನಲ್‌ನಲ್ಲಿ ಓಡಿಸಿದೆ. ಏನಾಗ್ತಿದೆ ಅಂತ ಸಾಲು ಸಾಲಾಗಿ ಕಾಣುತ್ತೆ. 'ಮೈನಸ್ ಸಿ' ಜೊತೆ ಕಾಮಾ ಹಾಕಿದ ಅಂಕಿಗಳ ಸಾಲೊಂದನ್ನ ಕೊಡಬೇಕು. ಮೊದಲನೇ ಅಂಕಿ ಸ್ಪಷ್ಟತೆ: 0 ಅಂದ್ರೆ ಸಾಧಾರಣ, 1 ಅಂದ್ರೆ ಫೈನ್. ಎರಡನೇ ಅಂಕಿ ವೇಗ: 5 ಅಂದ್ರೆ 14400, 4 ಅಂದ್ರೆ 12000, 3 ಅಂದ್ರೆ 9600, 2 ಅಂದ್ರೆ 7200, ಹೀಗೆ 0ಗೆ ಬಂದ್ರೆ 2400. ನಾನು ಕೊಟ್ಟಿದ್ದು '1,3'. ಪೊಟ್ಟಣದ ಲೈನಿನಲ್ಲಿ 9600 ಒಳ್ಳೆ ಎತ್ತಿನಗಾಡಿ ವೇಗ. ಅವಸರ ಇರೋನು ನಿಧಾನ ಹೋಗಬೇಕಾದ ಜಾಗ ಇದು.

ಟ್ರೇನಿಂಗ್ ಪಾಸಾಯ್ತು. ಮೊದಲ ಪುಟ ಹೋಗ್ತಾ ಇದೆ. ಅಂಕಲ್ ಕುರ್ಚಿಯ ತುದಿಗೆ ಬಂದ್ರು. ಅರ್ಧ ಪುಟದಲ್ಲಿ ಕಟ್ಟು.

ಒಳಗಿನ ಕೋಣೆಯಲ್ಲಿ ಅಜ್ಜಿ ಫೋನೆತ್ತಿದ್ರು. "ಮೊಮ್ಮಗಳ ಫೋನು ಬಂತೇನೋ ಅಂತ ನೋಡ್ದೆ, ಏನೋ ಕೊಯ್ಯ್ ಅಂತದೆ" ಅಂದ್ರು. ಅದೇ ಲೈನಿನ ಎರಡನೇ ಫೋನು. ಅಜ್ಜಿಗೆ ಏನೂ ಹೇಳಲಿಲ್ಲ ಯಾರೂ. ಆಂಟಿ ಹೋಗಿ ಆ ಫೋನಿನ ವೈರು ಕಿತ್ತು, ಅಜ್ಜಿ ಪಕ್ಕ ಕೂತ್ಕೊಂಡ್ರು. ನಿಮ್ಮ ಮನೆಯಲ್ಲೂ ಎಕ್ಸ್‌ಟೆನ್ಷನ್ ಇದ್ರೆ ಮೊದಲೇ ತೆಗೆದಿಡಿ. ಕಾಲ್ ವೇಟಿಂಗ್ ಇದ್ರೆ ಅದನ್ನೂ ನಿಲ್ಲಿಸಿ, ನಡುವೆ ಬರೋ ಆ ಒಂದು 'ಟುಕ್' ಸಾಕು ಪುಟ ಕೆಡಿಸೋಕೆ. ಇನ್ನೂ ತಾಮ್ರದ ಬ್ರಾಡ್‌ಬ್ಯಾಂಡ್ ಇರೋ ಕಡೆ ಮೋಡೆಮ್ಮನ್ನ ಸ್ಪ್ಲಿಟರಿನ ಫೋನ್ ತೂತಿಗೇ ಹಾಕಬೇಕು.

ಒಂದೂವರೆ ಗಂಟೆ. ಮೊದಲ ಪುಟ ಹೋಯ್ತು, ಎಂಸಿಎಫ್ ಬಂತು! ಎರಡನೇ ಪುಟ ಮಾತ್ರ ಹೋಗ್ತಾನೇ ಇದೆ, ಹೋಗ್ತಾನೇ ಇದೆ. ನಾಲ್ಕು ನಿಮಿಷ ದಾಟಿ ಬಿತ್ತು. ಮತ್ತೆ ಕಳಿಸಿದ್ರೆ ಮತ್ತೆ ಅದೇ ಜಾಗದ ಹತ್ರ ಬಿತ್ತು.

ಇದರ ಕಾರಣ ಲೈನಿನಲ್ಲಿಲ್ಲ, ಹಾಳೆಯಲ್ಲಿದೆ. ಎರಡನೇ ಪುಟ ಹಳದಿ ಬಣ್ಣಕ್ಕೆ ತಿರುಗಿತ್ತು, ಮಡಿಕೆಯ ನೆರಳು ಬೇರೆ. ಸ್ಕ್ಯಾನರ್ ಅದನ್ನ ಬೂದು ಅಂತ ಓದಿತ್ತು. ಫ್ಯಾಕ್ಸಿಗೆ ಬೂದು ಬಣ್ಣ ಗೊತ್ತಿಲ್ಲ, ಕಪ್ಪು ಬಿಳಿ ಎರಡೇ. ಬೂದು ತೋರಿಸೋಕೆ ತಂತ್ರಾಂಶ ಹಾಳೆ ತುಂಬಾ ಸಾಸಿವೆ ಚೆಲ್ಲಿದ ಹಾಗೆ ಚುಕ್ಕೆ ಹಾಕುತ್ತೆ. ಫ್ಯಾಕ್ಸಿನ ಜಾಣತನ ಇರೋದೇ 'ಇಲ್ಲಿಂದ ಸಾವಿರ ಚುಕ್ಕೆ ಬಿಳಿ' ಅಂತ ಒಂದೇ ಮಾತಲ್ಲಿ ಹೇಳೋದ್ರಲ್ಲಿ. ಸಾಸಿವೆ ಚೆಲ್ಲಿದ್ರೆ ಒಂದು ಬಿಳಿ, ಒಂದು ಕಪ್ಪು, ಎರಡು ಬಿಳಿ ಅಂತ ಎಣಿಸ್ತಾ ಕೂರಬೇಕು. ಪುಟ ಹತ್ತು ಪಟ್ಟು ಉಬ್ಬಿದ್ರೂ ಆಶ್ಚರ್ಯ ಇಲ್ಲ. ಕರೆ ಉದ್ದ ಆದಷ್ಟೂ ನಡುವೆ ಪೊಟ್ಟಣ ಬೀಳೋ ಸಂಭವವೂ ಜಾಸ್ತಿ.

ಇಮೇಜ್‌ಮ್ಯಾಜಿಕ್‌ನ 'ಕನ್ವರ್ಟ್' ಕಮಾಂಡಿಗೆ 'ಮೈನಸ್ ತ್ರೆಶೋಲ್ಡ್ 60%' ಅಂತ ಕೊಟ್ರೆ, ಅದಕ್ಕಿಂತ ತಿಳಿ ಇರೋದೆಲ್ಲಾ ಶುದ್ಧ ಬಿಳಿ, ಗಾಢ ಇರೋದು ಶುದ್ಧ ಕಪ್ಪು. ಆದ್ರೆ ಇಲ್ಲಿ ಕಣ್ಣಿಟ್ಟು ನೋಡಬೇಕು. 60ಕ್ಕೆ ಹಿನ್ನೆಲೆಯಲ್ಲಿ ಕಪ್ಪು ಮಚ್ಚೆ ಉಳೀತು, 40ಕ್ಕೆ ಡಾಕ್ಟರ ಬಾಲ್‌ಪೆನ್ ಗೆರೆಗಳೇ ಮಾಯ. ಕೊಳವೆಯ ಅಳತೆ ಬರೆದಿದ್ದ ಅಂಕಿ ಅಳಿಸಿಹೋದ್ರೆ ಕಳಿಸಿ ಏನು ಪ್ರಯೋಜನ? ಅಂಕಲ್ಲನ್ನ ಪಕ್ಕದಲ್ಲಿ ಕೂರಿಸಿಕೊಂಡು, ಮೂಲ ಹಾಳೆ ಅವರ ಕೈಯಲ್ಲಿ, ಒಂದೊಂದು ಸಾಲೂ ತಾಳೆ ನೋಡಿದ್ವಿ. 52ಕ್ಕೆ ಅಂಕಿಗಳೆಲ್ಲಾ ನಿಂತ್ವು. ಆಮೇಲೆ ಗೋಸ್ಟ್‌ಸ್ಕ್ರಿಪ್ಟಿನಲ್ಲಿ 'ಟಿಫ್‌ಜಿ3' ಡಿವೈಸು, ರೆಸಲ್ಯೂಷನ್ '204x196' ಕೊಟ್ಟು ಫ್ಯಾಕ್ಸಿನ ರೂಪಕ್ಕೆ ತಂದೆ. ಕೈಬರಹಕ್ಕೆ ಈ 196 ಬೇಕೇ ಬೇಕು. ಸಾಧಾರಣ ಮಟ್ಟದ 98ರಲ್ಲಿ 6 ಯಾವುದು 8 ಯಾವುದು ಗೊತ್ತಾಗಲ್ಲ.

ಇನ್ನೊಂದು ಕೆಲಸ ಮಾಡಿದೆ. ಮೂರು ಪುಟವನ್ನ ಒಂದೇ ಕರೆಯಲ್ಲಿ ಕಳಿಸೋ ಬದಲು, ಪುಟಕ್ಕೊಂದು ಕರೆ. ಬಿದ್ರೆ ಒಂದೇ ಪುಟ ಬೀಳಲಿ. ಪ್ರತಿ ಪುಟದ ಮೇಲೆ ಮಗಳ ಹೆಸರು, ಜನ್ಮದಿನಾಂಕ, ಮೂರರಲ್ಲಿ ಎಷ್ಟನೇ ಪುಟ ಅಂತ ಸೇರಿಸಿದೆ. ಹೀಗೆ ಬಿಡಿಬಿಡಿಯಾಗಿ ಹೋದಾಗ ಆ ಕಡೆ ಇನ್ಯಾರದೋ ಹಾಳೆಯ ಜೊತೆ ಬೆರೆತು ಹೋಗಬಾರದು. ಕಳಿಸೋರ ಗುರುತು ಅನ್ನೋ ಜಾಗದಲ್ಲಿ ಅಂಕಲ್ ಮೊದಲು ತಮ್ಮ ಹೆಸರು ಹಾಕಿದ್ರು. ಫ್ಯಾಕ್ಸಿನ ಸಂಕೇತದಲ್ಲಿ ಆ ಜಾಗಕ್ಕೆ ಹೋಗೋದು ಅಂಕಿ, ಪ್ಲಸ್ ಚಿಹ್ನೆ, ಖಾಲಿ ಜಾಗ ಮಾತ್ರ, ಒಟ್ಟು ಇಪ್ಪತ್ತು. ಹಾಗಾಗಿ +91 80 ಹಾಕಿ ಮನೆ ನಂಬರ್ ಬರೆದ್ವಿ.

ಎರಡನೇ ಪುಟ ಐವತ್ತು ಸೆಕೆಂಡಿನಲ್ಲಿ ಹೋಯ್ತು. ಎಂಸಿಎಫ್. ಮೂರನೇ ಪುಟಕ್ಕೆ ಲೈನ್ ಎಂಗೇಜ್, ಎರಡು ಸಲ. ಆ ಹತ್ತು ನಿಮಿಷ ಮನೆಯಲ್ಲಿ ಫ್ಯಾನಿನ ಸದ್ದು ಬಿಟ್ರೆ ಬೇರೇನಿಲ್ಲ. ಮೂರನೇ ಸಲ ಸಿಕ್ತು. ಗಡಿಯಾರ ಮೂರು ಹತ್ತು. ಕೊನೆಯ ಸಾಲಿನಲ್ಲಿ ಮತ್ತೆ ಅದೇ ಮೂರಕ್ಷರ.

ಅಂಕಲ್ "ಹೋಯ್ತಾ?" ಅಂತ ಕೇಳಲಿಲ್ಲ, ಬ್ಯಾಂಕಿನವರಲ್ಲವೇ, "ಅಕ್ನಾಲೆಜ್‌ಮೆಂಟ್ ಪ್ರಿಂಟ್ ತೆಗಿಯಮ್ಮ" ಅಂದ್ರು.

ಸಂಜೆ ನಾಲ್ಕೂಕಾಲಿಗೆ ಮಗಳ ಮೆಸೇಜ್ ಬಂತು. ಅರಿವಳಿಕೆ ಡಾಕ್ಟರು ಹಾಳೆ ಹಿಡ್ಕೊಂಡೇ ಬಂದಿದ್ರಂತೆ, ಬೇರೆ ಉಪಕರಣ ತರಿಸಿದ್ದಾರಂತೆ, ಎರಡನೇ ಪುಟದ ಒಂದು ಪದ ಏನು ಅಂತ ಕೇಳ್ತಿದ್ದಾರಂತೆ. ಅಂಕಲ್ ಓದಿ ಹೇಳಿದ್ರು. ಎಂಟು ಗಂಟೆಗೆ ಅಳಿಯನ ಫೋನು ಬಂತು. ಎಚ್ಚರ ಆಗಿದೆ, ಗಂಟಲು ಸ್ವಲ್ಪ ನೋವು ಅಂತಿದ್ದಾಳೆ, ಅಷ್ಟೇ. ಬೆಳಗಿನ ಉಪ್ಪಿಟ್ಟನ್ನ ಆಗ ಬಿಸಿ ಮಾಡಿ ತಿಂದ್ವಿ.

ಇದು ಮನೆಯ ಮಾತಾಯ್ತು. ಅಮೆರಿಕದ ಆಸ್ಪತ್ರೆಗಳ ಬಿಲ್ಲಿಂಗ್, ವಿಮೆ ಕೆಲಸ ಮಾಡೋ ಆಫೀಸಿನಲ್ಲಿದ್ದು ದಿನಕ್ಕೆ ನೂರಾರು ಫ್ಯಾಕ್ಸ್ ನೋಡ್ಕೊಳ್ಳೋ ಜವಾಬ್ದಾರಿ ನಿಮ್ಮ ತಲೆಗೆ ಬಂದಿದ್ರೆ ಇಫ್ಯಾಕ್ಸ್ ಸಾಲದು, ಹೈಲಾಫ್ಯಾಕ್ಸ್ ನೋಡಿ. ಸ್ಯಾಮ್ ಲೆಫ್ಲರ್ ಅನ್ನೋರು ಸಿಲಿಕಾನ್ ಗ್ರಾಫಿಕ್ಸ್ ಕಂಪನಿಯಲ್ಲಿದ್ದಾಗ ಬರೆದದ್ದು, ಮೂವತ್ತು ವರ್ಷ ದಾಟಿದ ಮುದುಕ, ಇನ್ನೂ ಗಟ್ಟಿ. ಟಿಫ್ ಚಿತ್ರಗಳನ್ನ ಓದೋಕೆ ಲಿನಕ್ಸಿನ ತುಂಬಾ ಬಳಸೋ ಲಿಬ್‌ಟಿಫ್ ಕೂಡ ಅವರದೇ.

ಅದನ್ನ ಹಾಕಿದ ಮೇಲೆ 'ಫ್ಯಾಕ್ಸ್‌ಸೆಟಪ್', 'ಫ್ಯಾಕ್ಸ್‌ಆಡ್‌ಮೋಡೆಮ್' ಎರಡನ್ನೂ ಓಡಿಸಬೇಕು. ಪ್ರಶ್ನೆ ಕೇಳ್ತಾ ಹೋಗುತ್ತೆ. ಅಲ್ಲಿ ಸುಮ್ಮನೆ ಎಂಟರ್ ಒತ್ತುತ್ತಾ ಹೋದ್ರೆ ನಿಮ್ಮ ಆಫೀಸು ಅಮೆರಿಕದಲ್ಲಿದೆ ಅಂತ ಅದು ನಂಬಿಬಿಡುತ್ತೆ. ಕಂಟ್ರಿ ಕೋಡ್ 91, ಏರಿಯಾ ಕೋಡ್ 80, ದೂರದ ಕರೆಯ ಮುಂಚಿನ ಅಂಕಿ 0, ವಿದೇಶದ್ದಕ್ಕೆ 00. ಈ ನಾಲ್ಕು ತಪ್ಪಿದ್ರೆ ಹೊಸೂರಿಗೆ ಕಳಿಸಿದ ಫ್ಯಾಕ್ಸು ಯಾವ ದೇಶಕ್ಕೆ ಹೋಗುತ್ತೋ ದೇವರಿಗೇ ಗೊತ್ತು. ಆಫೀಸಿನಲ್ಲಿ ಹೊರಗಿನ ಲೈನಿಗೆ ಮೊದಲು 0 ಅಥವಾ 9 ಒತ್ತಬೇಕಾದ್ರೆ ಅದನ್ನೂ ಹಾಕಿ ಪಕ್ಕ ಒಂದು ಕಾಮಾ ಇಡಿ. ಮೋಡೆಮ್ಮಿನ ಭಾಷೆಯಲ್ಲಿ ಕಾಮಾ ಅಂದ್ರೆ ಸ್ವಲ್ಪ ನಿಲ್ಲು.

ಹೈಲಾಫ್ಯಾಕ್ಸಿನಲ್ಲಿ ಕಳಿಸಿದ್ದೆಲ್ಲಾ ಮೊದಲು ಸಾಲಿನಲ್ಲಿ ನಿಲ್ಲುತ್ತೆ, ಎಂಗೇಜ್ ಬಂದ್ರೆ ತಾನೇ ಮತ್ತೆ ಪ್ರಯತ್ನ ಮಾಡುತ್ತೆ. ಸಾಲು ನೋಡೋಕೆ 'ಫ್ಯಾಕ್ಸ್‌ಸ್ಟ್ಯಾಟ್ ಮೈನಸ್ ಎಸ್'. ಯಾವ ಕರೆಯಲ್ಲಿ ಏನಾಯ್ತು ಅನ್ನೋದು 'ವಾರ್', 'ಸ್ಪೂಲ್', 'ಹೈಲಾಫ್ಯಾಕ್ಸ್', 'ಲಾಗ್' ಹೀಗೆ ಒಂದರೊಳಗೊಂದು ಇರೋ ಫೋಲ್ಡರಿನಲ್ಲಿ ಕರೆಗೊಂದು ಕಡತವಾಗಿ ಇರುತ್ತೆ. ಗ್ರಾಹಕರು 'ಬಂದಿಲ್ಲ' ಅಂದಾಗ ವಾದ ಮಾಡಬೇಡಿ, ಆ ಕಡತ ತೆಗೆದು ಎಂಸಿಎಫ್ ಇದೆಯಾ ನೋಡಿ. ಇದ್ರೆ ಅವರ ಮಶೀನು ಪುಟ ತಗೊಂಡಿದೆ, ಟ್ರೇನಲ್ಲಿ ಹುಡುಕೋಕೆ ಹೇಳಿ.

ಅಂಕಲ್ ಮನೆಯ ಬಿಳಿ ಡಬ್ಬಿಯ ಮೇಲೆ ಈಗ ಒಂದು ಚೀಟಿ ಅಂಟಿಸಿದ್ದಾರೆ, ಅವರ ಗುಂಡು ಗುಂಡು ಬ್ಯಾಂಕ್ ಅಕ್ಷರದಲ್ಲಿ: 'ಎಕ್ಸ್ 3. ವೇಗ 9600. ಅಮ್ಮನ ಫೋನ್ ತೆಗೆದಿಡುವುದು.'